ಏರಿಯಲ್ ಮೇಲೆ ಶಾವಿಗೆ

ಕಪ್ಪು ಹಲಗೆಯ ಮೇಲೆ ನಾನು ಕಟ್ಟಿದಷ್ಟು ಏರಿಯಲ್ಲುಗಳನ್ನು ವಿಜಾಪುರ ಜಿಲ್ಲೆಯಲ್ಲಿ ಇನ್ನಾರೂ ಕಟ್ಟಿರಲಾರರು. ಒಂದೂ ಬಿದ್ದಿಲ್ಲ. ಎಡಕ್ಕೊಂದು ಕಂಬ, ಬಲಕ್ಕೊಂದು ಕಂಬ, ನಡುವೆ ಒಂದು ಗೆರೆ, ಆ ಗೆರೆಯಿಂದ ಇಳಿದು ಬರುವ ಇನ್ನೊಂದು ಗೆರೆ, ಕೆಳಗೆ ಒಂದು ಚೌಕ. ಚೌಕದೊಳಗೆ ‘ರೇಡಿಯೋ’ ಎಂದು ಬರೆದು, ಕೆಳಗೆ ಮೂರು ಅಡ್ಡಗೆರೆ ಎಳೆದು ‘ಭೂಮಿ’ ಎಂದರೆ ಪಾಠ ಮುಗಿಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಿಗೆ ಭೂಮಿ ಎಂದರೆ ಮೂರು ಅಡ್ಡಗೆರೆ, ಗೋಡೆ ಎಂದರೆ ಒಂದು ಉದ್ದಗೆರೆ. ನಿಜವಾದ ಗೋಡೆಗೆ ದಪ್ಪ ಇರುತ್ತದೆ ಎಂಬ ವಿಷಯ ನನಗೆ ಮೂವತ್ತೈದು ವರ್ಷ ತುಂಬುವವರೆಗೆ ಗೊತ್ತಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂದೆ ಹೇಳುವ ಸಂಗತಿಯಲ್ಲಿ ನನ್ನ ಮಾನ ಹೇಗೂ ಉಳಿಯುವುದಿಲ್ಲ.

ಅರವತ್ತರ ದಶಕ ಆಗಷ್ಟೇ ಕಣ್ಣು ಬಿಡುತ್ತಿತ್ತು. ಗಾಂಧಿ ಚೌಕದ ಹಿಂದಿನ ನಮ್ಮ ಓಣಿಯಲ್ಲಿ ಮನೆಯವರ ಅಂತಸ್ತನ್ನು ಬಾಗಿಲಲ್ಲಿ ನಿಂತು ಅಳೆಯುತ್ತಿರಲಿಲ್ಲ, ಕತ್ತೆತ್ತಿ ಮಾಳಿಗೆ ನೋಡಿ ಅಳೆಯುತ್ತಿದ್ದರು. ರೇಡಿಯೋ ಒಳಗೆಲ್ಲೋ ಕಸೂತಿ ಬಟ್ಟೆಯ ಮುಸುಕು ಹಾಕಿಕೊಂಡು ಕೂತಿರುತ್ತದೆ; ಅದು ಇದೆ ಎಂದು ಊರಿಗೆ ಸಾರುವುದು ಮೇಲಿನ ತಂತಿ. ನಮ್ಮ ಓಣಿಯ ವಕೀಲರ ಗುಮಾಸ್ತನೊಬ್ಬ ರೇಡಿಯೋ ಕೊಳ್ಳುವುದಕ್ಕೆ ಆರು ತಿಂಗಳು ಮೊದಲೇ ಏರಿಯಲ್ ಕಟ್ಟಿಸಿದ್ದ. ಬೆಳಿಗ್ಗೆ ವಕೀಲರ ಮನೆಯಲ್ಲಿ ಪೇಪರು ಓದಿ, ಸಂಜೆ ಕಟ್ಟೆಯ ಮೇಲೆ ಕೂತು “ಈಗ ರೇಡಿಯೋದಾಗ ಬಂತು ನೋಡ್ರಿ” ಎಂದು ಹೇಳುತ್ತಿದ್ದ. ಆರು ತಿಂಗಳು ಯಾರಿಗೂ ಸಂಶಯ ಬರಲಿಲ್ಲ. ಆಮೇಲೆ ನಿಜವಾದ ರೇಡಿಯೋ ಬಂದ ಮೇಲೆ ಅವನ ಸುದ್ದಿಗಳ ಗುಣಮಟ್ಟ ಸ್ವಲ್ಪ ಇಳಿಯಿತು ಎಂದೇ ಜನ ಹೇಳಿದರು.

ನಾನು ರೇಡಿಯೋ ತಂದದ್ದು ಸುದ್ದಿಗಾಗಿ ಅಲ್ಲ, ಅಂತಸ್ತಿಗಾಗಿಯೂ ಅಲ್ಲ (ಅಂತಸ್ತಿಗಾಗಿ ಸ್ವಲ್ಪ ಹೌದು). ತಂದದ್ದು ನಮ್ಮ ಅತ್ತೆಯವರಿಗಾಗಿ.

ನನ್ನ ಹೆಂಡತಿ ಶಾಂತಾಳ ತವರು ತಿಕೋಟಾ. ಅವಳ ತಾಯಿ ನೀಲವ್ವ ಆ ಊರಿನ ಮದುವೆಗಳಿಗೆಲ್ಲ ಹಾಡಲು ಹೋಗುವವರು. ಆ ಮಾಘಮಾಸದಲ್ಲಿ ಧಾರವಾಡದ ರೇಡಿಯೋದವರು ದನಿ ಹಿಡಿಯುವ ಪೆಟ್ಟಿಗೆ ಹೊತ್ತುಕೊಂಡು ತಿಕೋಟಾದ ಒಂದು ಮದುವೆ ಮನೆಗೆ ಬಂದಿದ್ದರಂತೆ. ಹೆಂಗಸರು ಹಾಡಿದರು, ಪೆಟ್ಟಿಗೆಯ ಚಕ್ರ ತಿರುಗಿತು, ಅವರು ಊಟ ಮಾಡಿ ಹೋದರು. ಎರಡು ತಿಂಗಳ ಮೇಲೆ ಒಂದು ಕಾರ್ಡು ಬಂತು: ಇಂಥ ದಿನ ಸಂಜೆ ಆರೂವರೆಗೆ, ಹಳ್ಳಿಯವರ ಕಾರ್ಯಕ್ರಮದಲ್ಲಿ, ತಿಕೋಟಾದ ನೀಲವ್ವ ಮತ್ತು ಸಂಗಡಿಗರಿಂದ ಹಾಡು. ತಿಕೋಟಾದ ಚಾವಡಿಯಲ್ಲಿ ಸರಕಾರದ ರೇಡಿಯೋ ಒಂದಿತ್ತು. ಆದರೆ ಚಾವಡಿ ಗಂಡಸರ ಜಾಗ. ಅಲ್ಲಿ ಹೋಗಿ ಕೂತು ತನ್ನ ಹಾಡು ತಾನೇ ಕೇಳುವುದು ಅತ್ತೆಯವರಿಂದ ಆಗದ ಮಾತು. ಮಗಳ ಹತ್ತಿರ ಹೇಳಿದರಂತೆ: “ಊರ ಮಂದಿ ನಲವತ್ತು ವರ್ಷ ನನ್ನ ದನಿ ಕೇಳ್ಯಾರ. ನಾ ಒಬ್ಬಾಕಿ ಕೇಳಿಲ್ಲ. ಒಮ್ಮಿ ಕೇಳಬೇಕ ಬೇ, ಹೆಂಗೈತಿ ಅಂತ.”

ಈ ಮಾತನ್ನು ಶಾಂತಾ ನನಗೆ ತಂದು ಮುಟ್ಟಿಸಿದಳು. ತಂದು ಮುಟ್ಟಿಸಿದಳು ಎಂದು ಏಕೆ ಹೇಳುತ್ತೇನೆಂದರೆ, ನಮ್ಮ ಅತ್ತೆಯವರು ನನ್ನ ಕೂಡ ನೇರ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಹಳೆಯ ಕಾಲದ ಅತ್ತೆಯರು ಅಳಿಯನ ಎದುರಿಗೆ ನಿಲ್ಲುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ, ಅದು ಮರ್ಯಾದೆ. ನಾನು ಎದುರು ಬಂದರೆ ಸೆರಗು ಮುಂದೆ ಬರುತ್ತಿತ್ತು, ಅವರು ಹಿಂದೆ ಹೋಗುತ್ತಿದ್ದರು. ನಾನು ಪಡಸಾಲೆಯಲ್ಲಿ ಕೂತಿರುವಾಗಲೇ ಬಾಗಿಲ ಮರೆಯಿಂದ “ಶಾಂತಾ, ಅವರಿಗೆ ಇನ್ನೊಂದ ರೊಟ್ಟಿ ಬೇಕೇನು ಕೇಳು” ಎಂದು ಕೇಳುತ್ತಿದ್ದರು. ನಾನು “ಸಾಕು ಅಂತ ಹೇಳು” ಎನ್ನುತ್ತಿದ್ದೆ. ನಡುವೆ ಶಾಂತಾ ತುಟಿ ಬಿಚ್ಚುವ ಅಗತ್ಯವೇ ಇರಲಿಲ್ಲ, ಆದರೆ ಅವಳು ಇರಲೇಬೇಕಾಗಿತ್ತು. ಮದುವೆಯಾಗಿ ಒಂಬತ್ತು ವರ್ಷ ಹೀಗೇ ನಡೆದಿತ್ತು. ಅವರ ಮುಖ ಎಷ್ಟು ದುಂಡಗಿದೆ, ಎಷ್ಟು ಉದ್ದ ಇದೆ ಎಂದು ಕೇಳಿದರೆ ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಅಂಥವರು ಒಂದು ಆಸೆ ಹೇಳಿಕಳಿಸಿದ್ದಾರೆ. ನಾನು ಎದೆ ಉಬ್ಬಿಸಿ ರೇಡಿಯೋ ತಂದೆ, ಪೋಸ್ಟಿಗೆ ಹೋಗಿ ಅದನ್ನು ಇಟ್ಟುಕೊಳ್ಳುವ ಲೈಸೆನ್ಸು ಮಾಡಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಗಾಂಧಿ ಚೌಕದಲ್ಲಿ ದಸ್ತಗೀರನ ಅಂಗಡಿ. ಮದುವೆಗೆ ಗ್ಯಾಸಬತ್ತಿ, ಲೌಡಸ್ಪೀಕರು ಬಾಡಿಗೆಗೆ ಕೊಡುತ್ತಿದ್ದ; ಮನೆಗಳಿಗೆ ಲೈಟಿನ ಕೆಲಸ ಮಾಡುತ್ತಿದ್ದ. ಕನ್ನಡ ಸಾಲೆಯಲ್ಲಿ ನಾವಿಬ್ಬರೂ ಒಂದೇ ಹಲಗೆಯ ಮೇಲೆ ಕೂತವರು. ಅವನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು ಕೆಲಸ ಕಲಿತ, ನಾನು ಸಾಲೆ ಬಿಡದೆ ಕೆಲಸ ಕಲಿಯಲಿಲ್ಲ. ಅವನು ಹೇಳಿದ: “ಮಾಸ್ತರ, ಹತ್ತು ಮಿನೀಟಿನ ಕೆಲಸ. ಏರಿಯಲ್ ಕಟ್ಟಿ, ಗ್ವಾಡಿಗೆ ಒಂದು ಸಾಕೆಟ್ ಕೂಡಿಸಿ ಕೊಡ್ತೀನಿ. ಅತ್ತಿಯವರು ಹಾಡಿದ್ದು ಐತಿ ಅಂತೀರಿ, ಒಂದ ಸಲ ಬರೂದು. ನೀವು ಕೈ ಹಾಕಬ್ಯಾಡ್ರಿ.”

ಆ ಕಡೆಯ ಮಾತು ಅವನು ಆಡಬಾರದಾಗಿತ್ತು. ಹದಿಮೂರು ವರ್ಷದಿಂದ ಹುಡುಗರಿಗೆ ರೇಡಿಯೋ ತರಂಗ ಕಲಿಸುವ ಮನುಷ್ಯನಿಗೆ, ನಾಲ್ಕನೆಯ ಇಯತ್ತೆಯವನು ಕೈ ಹಾಕಬೇಡ ಎನ್ನುವುದೆ? “ಕೈ ಹಾಕಿಯೇ ತೋರಸ್ತೀನಿ” ಎಂದೆ. ಅವನು ತಂತಿ, ಅದು ಗಳಕ್ಕೆ ತಾಗದಂತೆ ನಡುವೆ ಕಟ್ಟುವ ಚೀನೀ ಮಣ್ಣಿನ ಎರಡು ಗುಂಡು, ಎರಡು ತೂತಿನ ಒಂದು ಸಾಕೆಟ್ಟು ಕಾಗದದಲ್ಲಿ ಸುತ್ತಿಕೊಟ್ಟ. ಬೆಸುಗೆ ಹಾಕುವ ಸಲಾಕೆಯನ್ನೂ ಒಯ್ಯಿರಿ ಎಂದ. ಬೇಡ ಎಂದೆ. ತಂತಿಗೆ ತಂತಿ ಹೆಣೆದರೆ ವಿದ್ಯುತ್ತು ಹರಿಯುತ್ತದೆ ಎಂದು ನಮ್ಮ ಪಠ್ಯಪುಸ್ತಕದಲ್ಲಿದೆ. ಬೆಸುಗೆಯ ಮಾತು ಅದರಲ್ಲಿ ಇಲ್ಲ.

ಮಾಳಿಗೆಯ ಮೇಲೆ ಬಿದಿರು ನಿಲ್ಲಿಸುವುದು ಸುಲಭವಾಗಿಯೇ ಆಯಿತು. ನಮ್ಮದು ಮಣ್ಣಿನ ಮೇಲ್ಮುದ್ದೆಯ ಮನೆ, ಅಂಗಳದಷ್ಟೇ ಸಪಾಟು. ಎರಡು ಗಳ ನೆಟ್ಟು, ನಡುವೆ ತಾಮ್ರದ ತಂತಿಯನ್ನು ಬಿಗಿದು ನಿಂತು ನೋಡಿದಾಗ ಅದು ಬಿಸಿಲಿಗೆ ಹೊಸ ತಾಳಿಯ ಹಾಗೆ ಹೊಳೆಯಿತು. ಅಕ್ಕಪಕ್ಕದ ಮಾಳಿಗೆಗಳಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ನಾನು ಇಳಿಯುವ ಅವಸರ ಮಾಡಲಿಲ್ಲ.

ನಿಜವಾದ ಯುದ್ಧ ಗೋಡೆಯ ಜೊತೆಗೆ. ಮೇಲಿನ ತಂತಿ ಹೊರಗೋಡೆಯ ಮೇಲೆ ಇಳಿದು, ಒಂದು ತೂತಿನಿಂದ ಒಳಗೆ ಬಂದು, ಸಾಕೆಟ್ಟಿನ ಹಿಂದೆ ಸ್ಕ್ರೂಗೆ ಸಿಗಬೇಕು. ವಿಜಾಪುರದ ಹಳೆಯ ಮನೆ ಕಟ್ಟಿದವರು ಗೋಡೆ ಕಟ್ಟುವಾಗ ತೋಪಿನ ಗುಂಡುಗಳನ್ನು ಲೆಕ್ಕಕ್ಕೆ ಹಿಡಿದಿದ್ದರು, ಏರಿಯಲ್ ಹಿಡಿದಿರಲಿಲ್ಲ. ಎರಡೂವರೆ ಮೊಳ ಕಲ್ಲು ಮತ್ತು ಮಣ್ಣು. ಒಂದು ಚಾಣ, ಒಂದು ಸುತ್ತಿಗೆ ಹಿಡಿದು ಮೊದಲನೆಯ ದಿನ ಒಂದು ಗೇಣು ಹೋದೆ. ಎರಡನೆಯ ದಿನ ಬುದ್ಧಿ ಉಪಯೋಗಿಸಿ ಹೊರಗಿನಿಂದಲೂ ಕೊರೆಯತೊಡಗಿದೆ, ಎರಡು ತೂತು ನಡುವೆ ಸಂಧಿಸುತ್ತವೆ ಎಂಬ ಲೆಕ್ಕದಿಂದ. ಸಮಾನಾಂತರ ರೇಖೆಗಳು ಎಂದಿಗೂ ಸಂಧಿಸುವುದಿಲ್ಲ ಎಂದು ನಾನೇ ಕಲಿಸಿದ್ದೆ. ಮೂರನೆಯ ದಿನ ಒಳಗಿನ ಚಾಣ ಒಮ್ಮೆಲೆ ಪೊಳ್ಳಿಗೆ ಹೋಯಿತು. ಗೆದ್ದೆ ಎಂದು ಕೂಗಿದೆ. ಪಕ್ಕದ ಕೋಣೆಯಿಂದ ಶಾಂತಾ ಬಂದಳು, ಕೈಯಲ್ಲಿ ಹಣತೆ, ಮುಖದ ತುಂಬ ಮಣ್ಣು. ತೂತು ದೇವರ ಮಾಡದೊಳಗೆ ಹೊರಬಿದ್ದಿತ್ತು.

“ದೇವರಿಗೂ ರೇಡಿಯೋ ಕೇಳೂದು ಐತೇನ್ರಿ?” ಎಂದಳು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಹೇಳಿದ್ದಾರೆ. ಎರಡನ್ನೂ ಒಬ್ಬನೇ ಮನುಷ್ಯ ಒಂದೇ ವಾರದಲ್ಲಿ ಮಾಡಬಹುದೆಂದು ಅವರಿಗೂ ಹೊಳೆದಿರಲಿಕ್ಕಿಲ್ಲ. ಒಟ್ಟು ನಾಲ್ಕು ತೂತು ಕೊರೆದು, ಅವುಗಳಲ್ಲಿ ಒಂದು ಆರ್‌ಪಾರ್ ಆಗಿ, ತಂತಿ ಒಳಗೆ ಬಂತು. ಅದನ್ನು ಸಾಕೆಟ್ಟಿಗೆ ಹೆಣೆದು, ಮರದ ತುಂಡು ಕೂಡಿಸಿ, ಎರಡೂ ಕಡೆ ಸಿಮೆಂಟು ಮೆತ್ತಿ ಗೋಡೆಯನ್ನು ಮುಚ್ಚಿಬಿಟ್ಟೆ. ನನ್ನ ಹೆಣಿಗೆಯ ಗಂಟು ಗೋಡೆಯೊಳಗೇ ಉಳಿಯಿತು. ಯಾರ ಕಣ್ಣಿಗೂ ಬೀಳಬಾರದ ಕೆಲಸವನ್ನು ಸಿಮೆಂಟಿನ ಒಳಗೆ ಇಡುವುದು ಕಂತ್ರಾಟುದಾರರ ಪದ್ಧತಿ. ನನಗೆ ಅದು ಹುಟ್ಟುಗುಣದಿಂದಲೇ ಬಂದಿತ್ತು.

ಇನ್ನುಳಿದದ್ದು ಭೂಮಿ. ಹಿತ್ತಲಲ್ಲಿ ಕುಣಿ ತೋಡಿ, ಇದ್ದಿಲು ಉಪ್ಪು ತುಂಬಿ, ಒಂದು ಕೊಳವೆ ಹುಗಿದು ತಂತಿ ಕಟ್ಟಿದೆ. ಅದು ಕೆಲಸ ಮಾಡಬೇಕಾದರೆ ದಿನಾಲೂ ಒಂದು ಕೊಡ ನೀರು ಹಾಕಿ ಮಣ್ಣು ಹಸಿ ಇಡಬೇಕು. ಬೇಸಿಗೆಯ ವಿಜಾಪುರದಲ್ಲಿ ಒಂದು ಕೊಡ ನೀರು! ಶಾಂತಾ ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಮನಷ್ಯಾರಿಗೆ ಕುಡಿಯಾಕ ಇಲ್ಲ, ನಿಮ್ಮ ತಂತಿಗೆ ನೀರಡಿಕಿ ಆಗೇತಂತ?” ಕಡೆಗೆ ನಾನು ಸ್ನಾನವನ್ನೇ ಆ ಕೊಳವೆಯ ಮೇಲೆ ಕೂತು ಮಾಡುವುದೆಂದು ರಾಜಿಯಾಯಿತು. ರೇಡಿಯೋ ಚೆನ್ನಾಗಿ ಹಾಡಬೇಕಾದರೆ ಮಾಸ್ತರು ಸ್ನಾನ ಮಾಡಿರಬೇಕು ಎಂಬ ಸಿದ್ಧಾಂತ ಓಣಿಯ ಹುಡುಗರಲ್ಲಿ ಹುಟ್ಟಿಕೊಂಡದ್ದು ಆಗಲೇ.

ಆದರೆ ಹಾಡಿತು! ಸ್ವಿಚ್ಚು ತಿರುವಿ, ದೀಪ ಹತ್ತಿ, ಒಂದು ನಿಮಿಷ ಗುರ್ ಎಂದು, ಆಮೇಲೆ ಧಾರವಾಡ ಪಕ್ಕದ ಮನೆಯವರ ಹಾಗೆ ಮಾತಾಡಿತು. ದಸ್ತಗೀರ ಬಂದು ಕೇಳಿದ. ಸಾಕೆಟ್ಟನ್ನು ಬೆರಳಿನಿಂದ ಒತ್ತಿ ನೋಡಿದ. ಗೋಡೆಗೆ ಕಿವಿ ಹಚ್ಚಿದ. “ಒಳಗ ಹೆಂಗ ಕಟ್ಟೀರಿ?” ಎಂದು ಕೇಳಿದ. ವೈಜ್ಞಾನಿಕವಾಗಿ ಎಂದೆ. ಅವನು ಗೋಡೆಯನ್ನು ಇನ್ನೊಮ್ಮೆ ತಟ್ಟಿ ನೋಡಿ ಹೋದ.

ನಮ್ಮ ಊರಿನವರಿಗೆ ದನಿಯ ವಿಷಯದಲ್ಲಿ ಒಂದು ಸೊಕ್ಕು ಇದೆ ನೋಡಿ. ಗೋಲಗುಮ್ಮಟದಲ್ಲಿ ಈ ಕಡೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಆ ಕಡೆ ಕೂತವನಿಗೆ ಕೇಳುತ್ತದೆ. ಒಮ್ಮೆ ಕೆಮ್ಮಿದರೆ ಏಳು ಸಲ ಕೆಮ್ಮು. ತಂತಿ ಇಲ್ಲ, ಸಾಕೆಟ್ಟು ಇಲ್ಲ, ಲೈಸೆನ್ಸು ಇಲ್ಲ. ಮುನ್ನೂರು ವರ್ಷದ ಹಿಂದೆ ಒಬ್ಬ ಸುಲ್ತಾನ ಗೋರಿಯೊಳಗೆ ಮಾಡಿದ್ದನ್ನು ನೀವು ಈಗ ಪೆಟ್ಟಿಗೆಯಲ್ಲಿ ಮಾಡಿದ್ದೀರಿ, ಅದೇನು ಹೆಚ್ಚಿನದು ಎಂಬ ಭಾವ. ಹುಡುಗರನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ದನಿಯ ಪ್ರತಿಫಲನದ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ, ಗುಮ್ಮಟ ಅದನ್ನು ಏಳು ಸಲ ತಿರುಗಿ ಹೇಳುತ್ತಿತ್ತು. ಯಾರು ಏನೇ ಕೇಳಲಿ, ಕೇಳದೇ ಇರಲಿ, ಉತ್ತರ ಗೊತ್ತಿದ್ದರೆ ನಾನು ಹೇಳದೆ ಬಿಟ್ಟವನಲ್ಲ. ಮದುವೆಯ ಮಂಟಪದಲ್ಲಿ ಹೋಮದ ಹೊಗೆ ಏಕೆ ಮೇಲೆ ಹೋಗುತ್ತದೆಂದು ಶಾಂತಾಳಿಗೆ ವಿವರಿಸಿದ್ದೇನೆ. ಇದು ಹೆಮ್ಮೆಯಿಂದ ಹೇಳುವ ಮಾತಲ್ಲ, ಅವಳು ಈಗಲೂ ಎತ್ತಿ ಆಡುತ್ತಾಳೆ.

ಕಾರ್ಡಿನಲ್ಲಿ ಬರೆದ ದಿನಕ್ಕೆ ಎರಡು ದಿನ ಮೊದಲೇ ಅತ್ತೆಯವರು ತಿಕೋಟಾದಿಂದ ಬಸ್ಸಿನಲ್ಲಿ ಬಂದರು. ಸೆರಗು ಮುಂದೆ, ಅದರ ಹಿಂದೆ ಅವರು, ಅವರ ಹಿಂದೆ ಒಂದು ಗಂಟು ಗೋಧಿ ಹಿಟ್ಟು ಮತ್ತು ಶಾವಿಗೆ ಹೊಸೆಯುವ ಮಣೆ. ಬರಿಗೈಯಲ್ಲಿ ಕೂತು ರೇಡಿಯೋ ಕಾಯುವುದು ಅವರ ಜಾಯಮಾನವಲ್ಲ. ಮುಸುಕು ಹಾಕಿದ ರೇಡಿಯೋವನ್ನು ದೂರದಿಂದ ನೋಡಿ, “ಅದೂ ಸೆರಗ ಹೊತಗೊಂಡೇತಿ” ಎಂದರು, ಶಾಂತಾಳಿಗೆ. ಯಾವ ಹಾಡು ಹಾಡಿದ್ದೀರಿ ಎಂದು ನಾನು ಶಾಂತಾಳ ಮೂಲಕ ಕೇಳಿಸಿದೆ. ಬಾಗಿಲ ಮರೆಯಲ್ಲಿ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, “ಯಾವದೋ ಒಂದ, ಮದವಿ ಹಾಡು ಅಂತ ಹೇಳು” ಎಂಬ ಉತ್ತರ ಬಂತು.

ಆ ದಿನ ಬಂತು. ಬೆಳಿಗ್ಗೆ ಎಂಟಕ್ಕೆ ರೇಡಿಯೋ ಹಚ್ಚಿ ನೋಡಿದೆ, ಸ್ವಚ್ಛವಾಗಿ ಬಂತು. ಕೊಳವೆಯ ಮೇಲೆ ಕೂತು ಧಾರಾಳವಾಗಿ ಸ್ನಾನ ಮಾಡಿದೆ. ಸಾಲೆಗೆ ಹೋಗಿ, ಮಧ್ಯಾಹ್ನ ಬಂದು, ಉಂಡು, ಮಲಗಿದೆ. ಸಂಜೆ ಓಣಿಯವರು ಬಂದು ಪಡಸಾಲೆಯಲ್ಲಿ ಕೂತರು, ದಸ್ತಗೀರ ಅಂಗಡಿ ಮುಚ್ಚಿ ಬಂದ. ಅತ್ತೆಯವರು ಅಡುಗೆ ಮನೆಯ ಬಾಗಿಲ ಮರೆಯಲ್ಲಿ ಕೂತರು, ಬಳೆಗಳಷ್ಟೇ ಕಾಣುತ್ತಿದ್ದವು. ಆರೂ ಹತ್ತಕ್ಕೆ ನಾನು ಎದ್ದು, ಮುಸುಕು ತೆಗೆದು, ಸ್ವಿಚ್ಚು ತಿರುವಿದೆ.

ಗುರ್ ಎಂದಿತು. ಗುರ್ ಎನ್ನುತ್ತಲೇ ಇತ್ತು.

ಗುಂಡಿ ತಿರುವಿದೆ. ಧಾರವಾಡ ಇಲ್ಲ, ಪುಣೆ ಇಲ್ಲ, ಹೈದರಾಬಾದೂ ಇಲ್ಲ. ಮೇಲೆ ನೋಡಿ ಬರ್ತೀನಿ ಎಂದು ಏಣಿ ಹತ್ತಿದವನು ಅರ್ಧದಲ್ಲೇ ನಿಂತೆ. ನನ್ನ ಏರಿಯಲ್ ಕಾಣುತ್ತಿರಲಿಲ್ಲ. ಆ ಗಳದಿಂದ ಈ ಗಳದವರೆಗೆ ಶಾವಿಗೆ. ಕೂದಲಿನಷ್ಟು ಸಣ್ಣ, ಮೊಳದುದ್ದದ ಎಳೆಗಳು, ಎಡಕ್ಕೂ ಬಲಕ್ಕೂ ಸಮನಾಗಿ ಇಳಿಬಿದ್ದು, ಬಿಳಿಯ ಪರದೆಯ ಹಾಗೆ ತೂಗುತ್ತಿದ್ದವು. ಬೇಸಿಗೆಯಲ್ಲಿ ನಮ್ಮ ಮಾಳಿಗೆಗಳ ಮೇಲೆ ಶಾವಿಗೆ ಒಣಹಾಕುವುದು ಹೊಸದಲ್ಲ. ಅದಕ್ಕೆ ಕೋಲು ಬೇಕು, ಹಗ್ಗ ಬೇಕು, ಕೋಲಿಗೆ ಧೂಳು, ಹಗ್ಗಕ್ಕೆ ನಾರು. ಇಲ್ಲಿ ನೋಡಿದರೆ ಹೊಸ ತಾಮ್ರ, ಬಿಗಿಯಾಗಿ, ಆಳೆತ್ತರದಲ್ಲಿ, ಹೇಳಿ ಮಾಡಿಸಿದ ಹಾಗೆ. ಅತ್ತೆಯವರು ಬೆಳಿಗ್ಗೆಯಿಂದ ನೆರೆಯ ಇಬ್ಬರು ಹೆಂಗಸರನ್ನು ಕೂಡಿಸಿಕೊಂಡು ಹೊಸೆದು ಹಾಕಿದ್ದರು. ನಾನು ತಂತಿ ಬಿಗಿದದ್ದು ಅವರು ಬರುವರೆಂದೇ, ಇಂಥ ಅನುಕೂಲ ಯಾವ ಅಳಿಯ ಮಾಡಿಕೊಡುತ್ತಾನೆ ಎಂದು ಅವರು ಆ ಹೆಂಗಸರ ಮುಂದೆ ನನ್ನನ್ನು ಹೊಗಳಿದ್ದರಂತೆ. ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಹಸಿ ಹಿಟ್ಟಿನ ಭಾರಕ್ಕೆ ತಂತಿ ಜೋತಿತ್ತು. ಜೋತ ತಂತಿ ಗೋಡೆಯ ಮೇಲಿಳಿದ ತಂತಿಯನ್ನು ಎಳೆದಿತ್ತು. ಅದು ಎಳೆದ ಎಳೆತಕ್ಕೆ ಒಳಗಿನ ನನ್ನ ವೈಜ್ಞಾನಿಕ ಗಂಟು ಬಿಚ್ಚಿಕೊಂಡು, ತಂತಿಯ ತುದಿ ಗೋಡೆಯ ಹೊಟ್ಟೆಯೊಳಗೆ ಎಲ್ಲೋ ಹೋಗಿ ಕೂತಿತ್ತು. ಇದು ಗೊತ್ತಾದದ್ದು ಕೆಳಗೆ ಬಂದು ಸಾಕೆಟ್ಟು ಬಿಚ್ಚಿದಾಗ. ಹಿಂದೆ ತಂತಿ ಇಲ್ಲ, ಬರೀ ತೂತು, ತೂತಿನ ಆಚೆ ಸಿಮೆಂಟು. ದಸ್ತಗೀರ ಬಗ್ಗಿ ನೋಡಿ, “ಇದನ್ನ ಒಡೀಬೇಕಾದ್ರ ನಾಳಿ ತನಕ ಬೇಕು ಮಾಸ್ತರ” ಎಂದ. ಬೇರೆ ತಂತಿ ತರುತ್ತೇನೆಂದು ಎದ್ದ. ಗಾಂಧಿ ಚೌಕಕ್ಕೆ ಹೋಗಿ ಬರಲು ಇಪ್ಪತ್ತು ನಿಮಿಷ. ಗಡಿಯಾರದಲ್ಲಿ ಆರೂ ಇಪ್ಪತ್ತೆಂಟು. ಅವನು ಬಾಗಿಲಲ್ಲೇ ನಿಂತ.

ಬಾಗಿಲ ಮರೆಯಿಂದ ದನಿ ಬಂತು: “ಶಾಂತಾ, ಏನಾತಂತ ಕೇಳು.”

ಶಾಂತಾ ನನ್ನನ್ನು ಕೇಳಲಿಲ್ಲ, ನೋಡಿದಳು. ನನಗೆ ನಾಚಿಕೆಯಾಯಿತು. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿ ನಾಚಿಕೆಯಾಯಿತು. ಒಬ್ಬ ಮುದುಕಿ ಜನ್ಮದಲ್ಲಿ ಒಮ್ಮೆ ತನ್ನ ದನಿ ಕೇಳಬೇಕೆಂದು ಬಂದು ಕೂತಿದ್ದಾಳೆ. ಹತ್ತು ಮಿನೀಟಿನ ಕೆಲಸವನ್ನು ಹತ್ತು ಮಿನೀಟಿನಲ್ಲಿ ಮಾಡುವವನ ಕೈಯಿಂದ ಕಸಿದುಕೊಂಡು ನಾನು ಗೋಡೆಯೊಳಗೆ ಹೂತಿದ್ದೇನೆ. ಆ ಹಾಡು ಧಾರವಾಡದಿಂದ ಹೊರಟು, ನಮ್ಮ ಮನೆಯ ಮೇಲೆ ಹಾದು, ಯಾರದೋ ಮನೆಗೆ ಹೋಗುತ್ತದೆ. ಮತ್ತೊಮ್ಮೆ ಬರುವುದಿಲ್ಲ.

ಏನು ಮಾಡಬೇಕೆಂದು ತಿಳಿಯದೆ, ರೇಡಿಯೋದಿಂದ ಬಂದ ತಂತಿಯ ತುದಿಯ ಹಿತ್ತಾಳೆಯ ಮೊಳೆಯನ್ನು ಸಾಕೆಟ್ಟಿನಿಂದ ಕಿತ್ತು ಎರಡು ಬೆರಳಲ್ಲಿ ಹಿಡಿದೆ. ಸಿಟ್ಟಿನಿಂದ ಹಿಡಿದೆ. ಮೈ ಸಣ್ಣಗೆ ಜುಮ್ಮೆಂದಿತು. ಗುರ್ ಎನ್ನುವುದರ ಒಳಗಿಂದ ಒಬ್ಬ ಮನುಷ್ಯ ಕೆಮ್ಮಿದ, “...ತಿಕೋಟಾದ ನೀಲವ್ವ ಮತ್ತು ಸಂಗಡಿಗರು...” ಎಂದ. ಬೆಚ್ಚಿ ಬಿಟ್ಟುಬಿಟ್ಟೆ. ಅವನು ಮಾಯವಾದ.

“ಹಿಡೀರಿ! ಹಿಡೀರಿ!” ಎಂದು ದಸ್ತಗೀರ ಕೂಗಿದ. “ಅಲ್ಲಾಡಬ್ಯಾಡ್ರಿ ಮಾಸ್ತರ. ಈಗ ನೀವ ಏರಿಯಲ್.”

ಹಿಡಿದೆ. ಸ್ಟೂಲಿನ ಮೇಲೆ ನಿಲ್ಲಿಸಿದರು, ಸ್ವಲ್ಪ ಸ್ಪಷ್ಟವಾಯಿತು. ಎಡಗೈ ಮೇಲೆತ್ತಿಸಿದರು, ಇನ್ನೂ ಸ್ವಲ್ಪ. ಎಲ್ಲಿ ಬೀಳುತ್ತೇನೋ ಎಂದು ಶಾಂತಾ ಓಡಿಬಂದು ನನ್ನ ಎಡಗೈ ಹಿಡಿದಳು, ಪಡಸಾಲೆ ತುಂಬ ಹೆಂಗಸರ ದನಿ ತುಂಬಿಕೊಂಡಿತು. ಮನುಷ್ಯರ ಮೈ ಉದ್ದವಾದಷ್ಟೂ ಹಾಡು ಜೋರು. ಗಂಡಹೆಂಡತಿ ಕೈ ಹಿಡಿದು ನಿಂತರೆ ಧಾರವಾಡ ಕೇಳಿಸುತ್ತದೆ ಎಂದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಓಣಿಯವರೆಲ್ಲ ನಮ್ಮನ್ನು ನೋಡುತ್ತ ಹಾಡು ಕೇಳತೊಡಗಿದರು. ಹಾಡಿನ ಮಾತು ಆಗ ನನ್ನ ಕಿವಿಗೆ ಬಿತ್ತು:

ಅಳಿಯ ಬಂದಾನ ಅಂಗಳಕ್ಕ
ಹಸಿವೀಯ ತಂದಾನ ಗಂಗಾಳಕ್ಕ
ಹೋಳೀಗಿ ಎಣಿಸಿಡು ತಾಯಿ, ನಮ್ಮಳಿಯ
ಕೈ ತೊಳೆಯೂದ ಮರತಾನ

ಮದುವೆಯಲ್ಲಿ ಬೀಗರನ್ನು, ಅಳಿಯನನ್ನು ಹೀಯಾಳಿಸಿ ಹಾಡುವುದು ನಮ್ಮಲ್ಲಿ ಇದ್ದದ್ದೇ. ಯಾವ ಹಾಡು ಎಂದರೆ ಅತ್ತೆಯವರು ಉತ್ತರ ಕೊಡಲು ಅಷ್ಟು ಹೊತ್ತು ಏಕೆ ಮಾಡಿದರೆಂದು ಈಗ ತಿಳಿಯಿತು. ಮುಂದಿನ ನುಡಿಯಲ್ಲಿ ಅಳಿಯನ ಹೊಟ್ಟೆ, ಅದರ ಮುಂದಿನದರಲ್ಲಿ ಅಳಿಯನ ಬುದ್ಧಿ. ಓಣಿಯವರು ಬಾಯಿಗೆ ಪಂಚೆ ಇಟ್ಟುಕೊಂಡು ನಗುತ್ತಿದ್ದರು. ದಸ್ತಗೀರ ಬಾಯಿಗೆ ಏನೂ ಇಟ್ಟುಕೊಂಡಿರಲಿಲ್ಲ. ನಾನು ಸ್ಟೂಲಿನ ಮೇಲೆ ಒಂದು ಕೈ ಮೇಲೆತ್ತಿ ನಿಂತು, ನನಗೆ ಬೈಯುವ ಹಾಡನ್ನು ನನ್ನ ಮೈಯಿಂದಲೇ ಇಳಿಸಿಕೊಂಡು ಊರಿಗೆ ಕೇಳಿಸುತ್ತಿದ್ದೆ. ಅಲ್ಲಾಡುವ ಹಾಗೂ ಇಲ್ಲ. ಅತ್ತೆಗೆ ಇದಕ್ಕಿಂತ ಹೆಚ್ಚಿನ ಸೇವೆಯನ್ನು ಯಾವ ಅಳಿಯನಾದರೂ ಮಾಡಿದ್ದರೆ ಮುಂದೆ ಬರಲಿ.

ಆ ಸಾಕೆಟ್ಟನ್ನು ಮರುದಿನ ದಸ್ತಗೀರ ಬಂದು, ಸಿಮೆಂಟು ಒಡೆದು, ಬೆಸುಗೆ ಹಾಕಿ, ಸರಿಮಾಡಿದ; ಕೆಲಸ ಮುಗಿಸಿ, ಎಷ್ಟು ಮಿನೀಟು ಹಿಡಿಯಿತೆಂದು ಗಡಿಯಾರ ನೋಡಿ ಹೇಳದೆ ಹೋದ, ಅದು ಅವನ ದೊಡ್ಡಗುಣ. ಇದನ್ನು ಇಲ್ಲೇ ಹೇಳಿಬಿಟ್ಟೆ, ಕಡೆಯಲ್ಲಿ ಹೇಳಲು ನನಗೆ ಮನಸ್ಸಿಲ್ಲ.

ಮೂರನೆಯ ನುಡಿಗೆ ಸಂಗಡಿಗರೆಲ್ಲ ಸುಮ್ಮನಾದರು. ಒಬ್ಬರೇ ಎತ್ತಿಕೊಂಡರು, ತೆಳ್ಳಗಿನ ಎತ್ತರದ ದನಿ. “ಅವ್ವಾ, ಇದು ನಿಂದ ದನಿ!” ಎಂದಳು ಶಾಂತಾ. ಅದೇ ಹೊತ್ತಿಗೆ ಒಲೆಯ ಮೇಲೆ ಇಟ್ಟಿದ್ದ ಹಾಲು ಉಕ್ಕಿತು. ಹೆಂಗಸರಿಗೆ ಹಾಲು ಉಕ್ಕಿದ ವಾಸನೆ ಬಂದರೆ ಪ್ರಳಯವೂ ಎರಡನೆಯದು. ಶಾಂತಾ ನನ್ನ ಕೈ ಬಿಟ್ಟು ಓಡಿದಳು. ದನಿ ಒಮ್ಮೆಲೆ ಇಳಿದು, ಗುರ್ ಎನ್ನುವುದರಲ್ಲಿ ಮುಳುಗಿತು.

ಬಳೆ ಸದ್ದಾಯಿತು. ಬಾಗಿಲ ಮರೆಯಿಂದ ಅತ್ತೆಯವರು ಎದ್ದು, ಕೂತವರನ್ನು ದಾಟಿಕೊಂಡು ಬಂದರು. ಸೆರಗು ಹೆಗಲ ಮೇಲೆ ಬಿದ್ದಿತ್ತು. ಎರಡೂ ಕೈಯಿಂದ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದು, ನನ್ನ ಮುಖವನ್ನೇ ನೋಡಿ ಹೇಳಿದರು: “ಬಿಡಬ್ಯಾಡೋ ತಮ್ಮಾ, ಬಿಡಬ್ಯಾಡ!”

ದನಿ ತಿರುಗಿ ಬಂತು. ಮೊದಲಿಗಿಂತ ಜೋರಾಗಿ ಬಂತು. ಈಗ ಅದು ಅವರ ಮೈಯಿಂದ ನನ್ನ ಮೈಗೆ, ನನ್ನ ಮೈಯಿಂದ ರೇಡಿಯೋಕ್ಕೆ ಹೋಗಿ ಅವರ ಕಿವಿಗೆ ಬರುತ್ತಿತ್ತು. ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಅವರು ತಲೆ ಒಂದು ಕಡೆ ವಾಲಿಸಿ ಕೇಳುತ್ತ ನಿಂತರು. ದುಂಡು ಮುಖ, ಹಣೆಯಲ್ಲಿ ಹಚ್ಚೆ. ಅಳಿಯನ ಬುದ್ಧಿಯ ನುಡಿ ಮುಗಿದು, ಹಾಡು ಮುಗಿದು, ರೇಡಿಯೋದವನು ಜೋಳದ ಧಾರಣೆ ಹೇಳತೊಡಗಿದ. ಅವರು ಕೈ ಬಿಡಲಿಲ್ಲ.

“ಇದು ನನ್ನ ದನಿ ಅಲ್ಲೋ ತಮ್ಮಾ” ಎಂದರು. “ನಮ್ಮವ್ವಂದು. ಬಬಲೇಶ್ವರದಾಗ ನಸಿಕಿನ್ಯಾಗ ಎದ್ದು ಬೀಸ್ತಿದ್ಲು, ಆಗ ಹಿಂಗ ಹಾಡ್ತಿದ್ಲು. ಆಕಿ ಹೋಗಿ ನಲವತ್ತ ವರ್ಷಾತು. ಆಕಿ ದನಿ ಇದ್ರಾಗ ಹೆಂಗ ಬಂತು?”

ನನ್ನನ್ನೇ ಕೇಳಿದ್ದರು, ನೇರವಾಗಿ, ವಿಜ್ಞಾನದ ಮಾಸ್ತರನನ್ನು. ಉತ್ತರ ನನಗೆ ಗೊತ್ತಿತ್ತು. ನಮ್ಮ ದನಿ ನಮಗೆ ತಲೆಬುರುಡೆಯ ಎಲುಬಿನೊಳಗಿಂದಲೂ ಕೇಳುತ್ತದೆ. ಬರೀ ಗಾಳಿಯಿಂದ ಬಂದಾಗ ಅದು ನಮ್ಮದೆನಿಸುವುದಿಲ್ಲ, ಮನೆಯವರ ಯಾರದೋ ಇರಬೇಕೆನಿಸುತ್ತದೆ. ವರ್ಷಕ್ಕೊಮ್ಮೆ ಹತ್ತನೆಯ ಇಯತ್ತೆಗೆ ಚಿತ್ರ ಬರೆದು ಕಲಿಸುವ ಪಾಠ. ನಾಲಿಗೆಯ ತುದಿಗೆ ಬಂದಿತ್ತು.

“ಗೊತ್ತಿಲ್ರಿ” ಎಂದೆ.